ನಾಯಿ-ಬೆಕ್ಕು ಇರುವ ಮನೆಗೆ ಒಳ್ಳೆಯ ಹೌಸ್ ಸಿಟ್ಟರ್ ಬೇಕಾದರೆ: ಹಂತ ಹಂತದ ಮಾರ್ಗದರ್ಶಿ

ಊರಿಗೆ ಟಿಕೆಟ್ ಬುಕ್ ಆಗಿದೆ, ಮನೆಯಲ್ಲಿ ನಾಯಿ ಇದೆ, ನೋಡಿಕೊಳ್ಳೋಕೆ ಯಾರೂ ಸಿಕ್ಕಿಲ್ಲ. ನಾಲ್ಕು ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕಿದ್ದಾಯ್ತು. ಒಬ್ಬರು ಬಂದು ನೋಡಿಕೊಂಡು ಹೋದರು, ಆಮೇಲೆ ಫೋನ್ ಎತ್ತುತ್ತಿಲ್ಲ. ಬೆಂಗಳೂರಿನಲ್ಲಿ ಪ್ರಾಣಿ ಸಾಕಿದವರು ಪ್ರತಿ ರಜೆಗೂ ಹೇಳುವ ಕತೆ ಇದು.

ಎಡವಟ್ಟು ಆಗುವುದು ಬಹುತೇಕ ಒಂದೇ ಜಾಗದಲ್ಲಿ. ಮನೆ ಕಾಯೋಕೆ ಒಬ್ಬರು ಬೇಕು ಅನ್ನುವ ಧಾಟಿಯಲ್ಲಿ ಹುಡುಕುತ್ತಾರೆ. ಆದರೆ ಒಳ್ಳೆಯ ಹೌಸ್ ಸಿಟ್ಟರ್‌ಗೆ, ಅಂದರೆ ನೀವು ಇಲ್ಲದಾಗ ನಿಮ್ಮ ಮನೆಯಲ್ಲೇ ಇದ್ದು ಪ್ರಾಣಿ ನೋಡಿಕೊಳ್ಳುವವರಿಗೆ, ರಜೆಯ ಹೊತ್ತಿಗೆ ನಾಲ್ಕಾರು ಮನೆಯಿಂದ ಕರೆ ಇರುತ್ತದೆ. ಯಾರ ಮನೆಗೆ ಹೋಗಬೇಕು ಅಂತ ತೀರ್ಮಾನಿಸುವವರು ಅವರೇ. ಏನಿದೆ, ಏನಿಲ್ಲ, ಎಲ್ಲಿ ತೊಂದರೆ ಆಗಬಹುದು ಅಂತ ಮೊದಲೇ ಬಿಚ್ಚಿ ಹೇಳುವ ಮನೆಯವರನ್ನು ಅವರು ಬಿಡುವುದಿಲ್ಲ. ಮುಚ್ಚಿಡುವವರಿಗೆ ಉಳಿಯುವುದು ಬೇರೆಲ್ಲೂ ಕೆಲಸ ಸಿಗದವರು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಉದಾಹರಣೆಗಳು ಬೆಂಗಳೂರಿನವು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಇರುವವರಿಗೂ ಹೆಚ್ಚು ವ್ಯತ್ಯಾಸ ಇಲ್ಲ.

## ಹಂತ 1: ನಿಮ್ಮ ಪ್ರಾಣಿಗೆ ಇದು ಹೊಂದುತ್ತದಾ ನೋಡಿ

ಎಲ್ಲ ಮನೆಗೂ ರಾತ್ರಿ ಉಳಿಯುವ ಸಿಟ್ಟರ್ ಬೇಕಿಲ್ಲ. ಆರೋಗ್ಯವಾಗಿರುವ ದೊಡ್ಡ ಬೆಕ್ಕು ಇದ್ದು, ನೀವು ಹೋಗುವುದು ಎರಡು ಮೂರು ದಿನಕ್ಕೆ ಮಾತ್ರ ಅಂದರೆ, ಬೆಳಿಗ್ಗೆ ಸಂಜೆ ಬಂದು ಹೋಗುವವರು ಸಾಕು. ಬೆಕ್ಕಿಗೆ ಜಾಗ ಬದಲಾದರೇ ಕಷ್ಟ, ಆದ್ದರಿಂದ ದುಡ್ಡು ಕೊಟ್ಟು ಪ್ರಾಣಿ ಬಿಟ್ಟುಹೋಗುವ ಬೋರ್ಡಿಂಗ್‌ಗಿಂತ ಮನೆಯೇ ಮೇಲು. ನಾಯಿಯ ವಿಷಯ ಬೇರೆ. ರಾತ್ರಿ ಒಂಟಿಯಾಗಿ ಬಿಡಬೇಡಿ, ಅದಕ್ಕೆ ಮನೆಯಲ್ಲಿ ಉಳಿಯುವವರೇ ಬೇಕು.

ಅಪರಿಚಿತರನ್ನು ಕಚ್ಚಿದ ನಾಯಿ ನಿಮ್ಮ ಮನೆಯಲ್ಲಿದ್ದರೆ ಇಲ್ಲೇ ನಿಂತು ಯೋಚಿಸಿ. ಯಜಮಾನರು ಇಲ್ಲದ ಮನೆಯಲ್ಲಿ ಅಂಥ ನಾಯಿ ಇನ್ನೂ ಬಿಗಿಯಾಗುತ್ತದೆ. ಅದಕ್ಕೆ ಗೊತ್ತಿರುವ ನೆಂಟರು, ಇಲ್ಲವೇ ಅದಕ್ಕೆ ಪರಿಚಯವಿರುವ ಡಾಕ್ಟರ ಕ್ಲಿನಿಕ್‌ನ ಬೋರ್ಡಿಂಗ್ ಸರಿ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಬೇಕಾದ ಪ್ರಾಣಿ ಇದ್ದರೆ ಸಿಟ್ಟರ್ ಸಿಗುತ್ತಾರೆ, ಆದರೆ ಸೂಜಿ ಹಿಡಿದು ಅಭ್ಯಾಸ ಇರುವವರನ್ನೇ ಹುಡುಕಬೇಕು. ಹೋದ ಮೇಲೆ ಫೋನಿನಲ್ಲಿ ಹೇಳಿಕೊಡುವ ಕೆಲಸ ಅದಲ್ಲ.

## ಹಂತ 2: ಟಿಕೆಟ್‌ಗಿಂತ ಮೊದಲು ಹುಡುಕಾಟ

ದಸರಾ, ದೀಪಾವಳಿ, ಕ್ರಿಸ್‌ಮಸ್ ವಾರ, ಏಪ್ರಿಲ್-ಮೇ. ಈ ನಾಲ್ಕು ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೇ ಊರು ಬಿಡುತ್ತಾರೆ. ಆಗ ಬೇಕಿದ್ದರೆ ಎರಡು ತಿಂಗಳು ಮುಂಚೆ ಶುರು ಮಾಡಿ. ಬೇರೆ ದಿನಗಳಿಗೆ ಮೂರು ನಾಲ್ಕು ವಾರ ಸಾಕಾಗಬಹುದು. ಮದುವೆಯಂಥ ತಪ್ಪಿಸಲಾಗದ ಕಾರಣ ಇದ್ದರೆ ದಿನಾಂಕ ಗೊತ್ತಾದ ದಿನವೇ ಮಾತು ಶುರುವಾಗಲಿ.

ಹುಡುಕುವ ಜಾಗಗಳಲ್ಲಿ ನನ್ನ ಮೊದಲ ಆಯ್ಕೆ ನಿಮ್ಮ ಪ್ರಾಣಿಯ ಡಾಕ್ಟರ ಕ್ಲಿನಿಕ್. ಅಲ್ಲಿನ ಸಹಾಯಕರಿಗೆ ಪ್ರಾಣಿ ಹಿಡಿಯುವುದು, ಮಾತ್ರೆ ನುಂಗಿಸುವುದು ಗೊತ್ತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಸುತ್ತಮುತ್ತ ಇರುವವರಿಗೆ ವಿದ್ಯಾರ್ಥಿಗಳು ಸಿಗುವುದೂ ಉಂಟು, ಪರೀಕ್ಷೆ ಇಲ್ಲದ ಸಮಯ ನೋಡಿಕೊಳ್ಳಬೇಕು ಅಷ್ಟೆ. ಎರಡನೆಯದು, ನಿಮ್ಮ ರಸ್ತೆಯಲ್ಲಿ ನಾಯಿ ಓಡಾಡಿಸುವ ವಾಕರ್. ಮೂರನೆಯದು, ಪ್ರಾಣಿ ಸಾಕಿ ಈಗ ಸಾಕದೆ ಇರುವ ಪರಿಚಿತರು. ನಾಯಿ ತೀರಿಕೊಂಡ ಮೇಲೆ ಇನ್ನೊಂದನ್ನು ತರುವ ಮನಸ್ಸಿಲ್ಲದ, ಆದರೆ ನಾಯಿ ಜೊತೆ ಇರೋಕೆ ಇಷ್ಟಪಡುವ ನಿವೃತ್ತ ದಂಪತಿಗಳು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಯಾರೂ ಅವರನ್ನು ಕೇಳುವುದಿಲ್ಲ ಅಷ್ಟೆ. ಆ್ಯಪ್‌ಗಳು ಇದೆಲ್ಲ ಆದ ಮೇಲೆ.

ಬ್ರಿಟನ್, ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರು ಟ್ರಸ್ಟೆಡ್ ಹೌಸ್‌ಸಿಟ್ಟರ್ಸ್ ಥರದ ತಾಣ ಬಳಸುತ್ತಾರೆ. ಅಲ್ಲಿ ವರ್ಷದ ಸದಸ್ಯತ್ವ ಕಟ್ಟಿದರೆ, ಸಿಟ್ಟರ್ ಉಳಿಯುವ ಜಾಗಕ್ಕೆ ಪ್ರತಿಯಾಗಿ ಪ್ರಾಣಿ ನೋಡಿಕೊಳ್ಳುತ್ತಾರೆ, ದಿನಗೂಲಿ ಇಲ್ಲ. ಅದನ್ನು ನೋಡಿ ಇಲ್ಲೂ "ಫ್ರೀಯಾಗಿ ಇರಬಹುದಲ್ಲ" ಅಂತ ಕೇಳಬೇಡಿ. ಲಂಡನ್‌ನಲ್ಲಿ ಪ್ರವಾಸಿಗೆ ಹೋಟೆಲ್ ಖರ್ಚು ಉಳಿಯುತ್ತದೆ. ಜಯನಗರದಲ್ಲೇ ಮನೆ ಇರುವವರಿಗೆ ನಿಮ್ಮ ಜೆ.ಪಿ. ನಗರದ ಮನೆಯಲ್ಲಿ ಮಲಗಿ ಏನು ಉಳಿಯುತ್ತದೆ ಹೇಳಿ?

## ಹಂತ 3: ಬರುವವರ ಕಣ್ಣಿನಲ್ಲಿ ಮನೆ ನೋಡಿ

ಪ್ರಕಟಣೆ ಬರೆಯುವ ಮುಂಚೆ ಮನೆಯಲ್ಲಿ ಒಂದು ಸುತ್ತು ಹಾಕಿ. ಸಿಟ್ಟರ್ ಎಲ್ಲಿ ಮಲಗುತ್ತಾರೆ? ಹಾಲ್‌ನ ದಿವಾನ ಅಂದರೆ ಎರಡನೇ ದಿನಕ್ಕೆ ಬೇಸರ ಬರುತ್ತದೆ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಒಗೆದ ಹಾಸಿಗೆ ಬಟ್ಟೆ, ಬೀರುವಿನಲ್ಲಿ ಒಂದು ಖಾಲಿ ಖಾನೆ, ಫ್ರಿಜ್‌ನಲ್ಲಿ ಒಂದು ಖಾಲಿ ಹಲಗೆ, ವೈಫೈ. ಮನೆಯಿಂದಲೇ ಆಫೀಸ್ ಕೆಲಸ ಮಾಡುವವರು ಇಂಥ ಕೆಲಸಕ್ಕೆ ಬರುವುದು ಹೆಚ್ಚು, ಆದ್ದರಿಂದ ಒಂದು ಮೇಜು, ಕುರ್ಚಿ, ಕರೆಂಟ್ ಹೋದಾಗ ವೈಫೈಗೆ ಯುಪಿಎಸ್ ಇದೆಯಾ ಎನ್ನುವುದು ಅವರಿಗೆ ದೊಡ್ಡ ವಿಷಯ.

ಆಮೇಲೆ ಪ್ರಾಣಿ ತಪ್ಪಿಸಿಕೊಳ್ಳುವ ದಾರಿಗಳು. ಗೇಟಿನ ಕೆಳಗಿನ ಸಂದು, ಚಿಲಕ ಸರಿಯಾಗಿ ಕೂರದ ಹಿತ್ತಿಲ ಬಾಗಿಲು, ಹರಿದ ಸೊಳ್ಳೆ ಜಾಲರಿ, ಬಾಲ್ಕನಿಯ ನೆಟ್. ನಿಮಗೆ ಅಭ್ಯಾಸವಾಗಿ ಕಾಲಲ್ಲಿ ಒತ್ತಿ ಹಾಕುವ ಬಾಗಿಲು ಹೊಸಬರಿಗೆ ಗೊತ್ತಿರುವುದಿಲ್ಲ. ಪ್ರಾಣಿ ಕಳೆದುಹೋಗುವುದು ಮೊದಲ ಎರಡು ದಿನದಲ್ಲೇ ಜಾಸ್ತಿ, ಅದೂ ಸಿಟ್ಟರ್ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳೋಕೆ ಬಾಗಿಲು ತೆರೆದ ಅರೆಗಳಿಗೆಯಲ್ಲಿ. ರಿಪೇರಿ ಈಗಲೇ ಮಾಡಿಸಿ. ಕತ್ತಿನ ಬೆಲ್ಟ್‌ಗೆ ನಿಮ್ಮ ಮತ್ತು ಇನ್ನೊಬ್ಬರ ನಂಬರ್ ಇರುವ ಬಿಲ್ಲೆ ಹಾಕಿ.

ಬಾಡಿಗೆ ಮನೆಯಾದರೆ ಓನರ್‌ಗೆ ಒಂದು ಮಾತು ಹೇಳಿಬಿಡಿ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್‌ಗೂ ತಿಳಿಸಿ. ನಾಯಿಯನ್ನು ಲಿಫ್ಟ್‌ನಲ್ಲಿ ಕರೆದುಕೊಂಡು ಹೋಗಬಾರದು ಅಂತ ಯಾರಾದರೂ ಸಿಟ್ಟರ್ ಮೇಲೆ ರೇಗಿದರೆ, ಹಾಗೆ ತಡೆಯುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅದರ ಒಂದು ಪ್ರತಿ ಮನೆಯಲ್ಲಿರಲಿ. ಆದರೆ ಆ ಜಗಳ ಸಿಟ್ಟರ್ ತಲೆಗೆ ಬರದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ.

## ಹಂತ 4: ಪ್ರಕಟಣೆ ಬರೆಯುವುದು

ಹೆಚ್ಚಿನವರು ಸೋಲುವುದು ಇಲ್ಲೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಗ್ರೂಪ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹೀಗಿರುತ್ತದೆ:

"ಅರ್ಜೆಂಟ್! ಅಕ್ಟೋಬರ್ ಕೊನೆ ವಾರ ನಮ್ಮ ಮನೆಯಲ್ಲಿ ಯಾರೂ ಇರುವುದಿಲ್ಲ. ತುಂಬಾ ಫ್ರೆಂಡ್ಲಿ ನಾಯಿ, ಏನೂ ತೊಂದರೆ ಕೊಡಲ್ಲ. ನಂಬಿಕಸ್ಥರು ಬೇಕು. ರೇಟ್ ಮಾತಾಡೋಣ."

ಓದಿದವರಿಗೆ ಇದರಿಂದ ಏನು ತಿಳಿಯಿತು? ನಾಯಿ ಎಷ್ಟು ದೊಡ್ಡದು, ಎಷ್ಟು ಸಲ ಹೊರಗೆ ಹೋಗಬೇಕು, ಯಾವ ಏರಿಯಾ, ಎಷ್ಟು ದುಡ್ಡು, ಒಂದೂ ಇಲ್ಲ. "ಏನೂ ತೊಂದರೆ ಕೊಡಲ್ಲ" ಅಂದರೆ ಅನುಭವ ಇರುವ ಸಿಟ್ಟರ್ ಪಕ್ಕಕ್ಕೆ ಸರಿದು ಬಿಡುತ್ತಾರೆ, ಏಕೆಂದರೆ ತೊಂದರೆ ಕೊಡದ ನಾಯಿಯನ್ನು ಅವರು ನೋಡಿಲ್ಲ. ಇದು ಸಾಲದು ಅಂತ, ಯಾವ ವಾರ ಮನೆ ಖಾಲಿ ಇರುತ್ತದೆ ಎಂದು ಕಳ್ಳರಿಗೂ ಹೇಳಿದ ಹಾಗಾಯಿತು.

ಅದನ್ನೇ ಹೀಗೆ ಬರೆಯಬಹುದು:

"ಬನಶಂಕರಿ ಕಡೆ ಒಂದು ಮನೆಯಲ್ಲಿ ಎಂಟು ರಾತ್ರಿ ಉಳಿದು ನಾಯಿ, ಬೆಕ್ಕು ನೋಡಿಕೊಳ್ಳುವವರು ಬೇಕು. ಜಿಮ್ಮಿ: 6 ವರ್ಷದ ನಾಟಿ ನಾಯಿ, 18 ಕೆಜಿ. ದಿನಕ್ಕೆ ಮೂರು ಸಲ ಹೊರಗೆ ಹೋಗಬೇಕು. ಬೀದಿ ನಾಯಿ ಕಂಡರೆ ಜೋರಾಗಿ ಎಳೆಯುತ್ತಾನೆ, ಚೈನ್ ಗಟ್ಟಿಯಾಗಿ ಹಿಡಿಯಲೇಬೇಕು. ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರುತ್ತಾನೆ. ತಿನ್ನುವಾಗ ತಟ್ಟೆ ಮುಟ್ಟಿದರೆ ಗುರ್ ಅನ್ನುತ್ತಾನೆ, ಈವರೆಗೆ ಯಾರನ್ನೂ ಕಚ್ಚಿಲ್ಲ. ಕರಿಯ: 3 ವರ್ಷದ ಬೆಕ್ಕು, ಮನೆಯೊಳಗೇ ಇರುತ್ತಾನೆ, ಹೊಸಬರು ಬಂದರೆ ಒಂದು ದಿನ ಅಟ್ಟದಿಂದ ಇಳಿಯುವುದಿಲ್ಲ. ಇಬ್ಬರಿಗೂ ಲಸಿಕೆ ಆಗಿದೆ, ಕಾರ್ಡ್ ತೋರಿಸುತ್ತೇವೆ. ನಿಮಗೆ ಪ್ರತ್ಯೇಕ ಕೋಣೆ, ವೈಫೈ, ಅಡುಗೆಮನೆ. ಮನೆಯಲ್ಲಿ ಮಾಂಸದ ಅಡುಗೆ ಇಲ್ಲ, ಹೊರಗಿನಿಂದ ತರಿಸಿ ತಿನ್ನಬಹುದು. ನಾಯಿಯನ್ನು ಒಂಟಿಯಾಗಿ ನಾಲ್ಕು ಗಂಟೆಗಿಂತ ಜಾಸ್ತಿ ಬಿಡುವಂತಿಲ್ಲ. ಮುಂಚೆ ಒಂದು ರಾತ್ರಿ ಟ್ರಯಲ್ ಇದೆ, ಅದಕ್ಕೂ ದುಡ್ಡು ಕೊಡುತ್ತೇವೆ."

ಕೊನೆಗೆ ದಿನಕ್ಕೆ ಎಷ್ಟು ಕೊಡುತ್ತೀರಿ ಅಂತ ನೇರವಾಗಿ ಬರೆಯಿರಿ. ಮನೆಯ ವಿಳಾಸ, ದಿನಾಂಕ, ಮನೆಯ ಮುಂಭಾಗದ ಫೋಟೊ ಹಾಕಬೇಡಿ. ಪ್ರಾಣಿಗಳ ಫೋಟೊ ಹಾಕಿ, ಅದೂ ಸ್ಟುಡಿಯೊದಲ್ಲಿ ತೆಗೆದ ಹಾಗಿರುವುದಲ್ಲ. ನಾಯಿಯ ಪಕ್ಕ ಯಾರಾದರೂ ನಿಂತಿರುವ ಫೋಟೊ ಇದ್ದರೆ ಗಾತ್ರ ಗೊತ್ತಾಗುತ್ತದೆ.

ಊಟದ ನಿಯಮ ಹೇಳುವುದು ಸರಿ. ಜಾತಿ, ಊರು, ಮದುವೆ ಆಗಿದೆಯಾ ಅಂತ ಕೇಳುವುದು ಬೇಡ. ಜಿಮ್ಮಿಗೆ ಅದರಿಂದ ಏನೂ ಆಗಬೇಕಾಗಿಲ್ಲ, ಒಳ್ಳೆಯವರು ಆ ಪ್ರಶ್ನೆಗೇ ಫೋನ್ ಇಡುತ್ತಾರೆ.

ಇನ್ನೊಂದು ಕಿವಿಮಾತು. ಕೆಲಸದ ಪಟ್ಟಿ ಉದ್ದ ಮಾಡಬೇಡಿ. ತುಳಸಿಗೆ, ಕುಂಡಗಳಿಗೆ ನೀರು ಹಾಕುವುದು ಸರಿ. ಅಟ್ಟ ಗುಡಿಸುವುದು, ಕಾರು ತೊಳೆಯುವುದು, ದಿನಾ ದೇವರಮನೆಯಲ್ಲಿ ದೀಪ ಹಚ್ಚುವುದು ಬೇಡ. ಬೆಕ್ಕು ಓಡಾಡುವ ಮನೆಯಲ್ಲಿ ಹೊಸಬರ ಕೈಯಲ್ಲಿ ಉರಿಯುವ ದೀಪ ಬಿಟ್ಟು ಹೋಗುವುದು ದೇವರಿಗೂ ಇಷ್ಟವಾಗಲಿಕ್ಕಿಲ್ಲ.

## ಹಂತ 5: ಫೋನ್ ಮಾತುಕತೆ

ಉತ್ತರ ಬಂದವರಲ್ಲಿ ಮೂರು ನಾಲ್ಕು ಜನರ ಜೊತೆ ಅರ್ಧ ಗಂಟೆ ಮಾತಾಡಿ. "ನಾಯಿ ಇಷ್ಟಾನಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಸನ್ನಿವೇಶ ಕೊಟ್ಟು ಕೇಳಿ:

- ನಾಯಿ ಬೆಳಿಗ್ಗೆ ತಿಂಡಿ ಮುಟ್ಟಲಿಲ್ಲ, ಮಧ್ಯಾಹ್ನವೂ ಮುಟ್ಟಲಿಲ್ಲ. ಏನು ಮಾಡುತ್ತೀರಿ?
- ಬಾಗಿಲು ತೆರೆದಾಗ ಬೆಕ್ಕು ಹೊರಗೆ ಓಡಿತು. ಮೊದಲು ಯಾರಿಗೆ ಫೋನ್?
- ವಾಕಿಂಗ್‌ನಲ್ಲಿ ಬೀದಿ ನಾಯಿಗಳು ಸುತ್ತುವರಿದವು. ಆಗ?
- ಹಿಂದೆ ನೋಡಿಕೊಂಡ ಮನೆಯಲ್ಲಿ ಕಷ್ಟ ಆದ ಒಂದು ದಿನದ ಬಗ್ಗೆ ಹೇಳಿ.

ಕೊನೆಯ ಪ್ರಶ್ನೆಯೇ ನನಗೆ ಮುಖ್ಯ. ಕೆಲಸ ಮಾಡಿದವರ ಬಳಿ ಹೇಳೋಕೆ ಏನಾದರೂ ಇರುತ್ತದೆ: ಭೇದಿ, ಹರಿದ ಸೋಫಾ, ರಾತ್ರಿ ಎರಡು ಗಂಟೆಗೆ ಆಸ್ಪತ್ರೆ. "ಎಲ್ಲಾ ಚೆನ್ನಾಗೇ ಆಯ್ತು" ಅನ್ನುವವರು ಒಂದೋ ಹೊಸಬರು, ಇಲ್ಲ ಮುಚ್ಚಿಡುತ್ತಿದ್ದಾರೆ.

ಅವರು ಏನು ಕೇಳುತ್ತಾರೆ ಅನ್ನುವುದನ್ನೂ ಗಮನಿಸಿ. ಡಾಕ್ಟರ್ ಎಷ್ಟು ದೂರ, ಮಾತ್ರೆ ಹೇಗೆ ತಿನ್ನಿಸುತ್ತೀರಿ, ರಾತ್ರಿ ಎಲ್ಲಿ ಮಲಗುತ್ತಾನೆ ಅಂತ ಕೇಳಿದರೆ ನಿಮ್ಮ ಹುಡುಕಾಟ ಹತ್ತಿರ ಬಂತು ಅಂದುಕೊಳ್ಳಿ.

ಎಚ್ಚರಿಕೆ ಚಿಹ್ನೆಗಳು: ಪ್ರಾಣಿಯ ಬಗ್ಗೆ ಒಂದೂ ಪ್ರಶ್ನೆ ಇಲ್ಲ, ದುಡ್ಡಿನ ಬಗ್ಗೆ ಮಾತ್ರ ಮಾತು. ಭೇಟಿಗೆ ಮುಂಚೆಯೇ ಪೂರ್ತಿ ಹಣ ಕೇಳುವುದು. ಹಿಂದಿನ ಮನೆಯವರ ನಂಬರ್ ಕೊಡೋಕೆ ಹಿಂದೇಟು. "ನಾನು ಇಲ್ಲದಾಗ ನನ್ನ ಫ್ರೆಂಡ್ ಬಂದು ನೋಡ್ತಾನೆ" ಅನ್ನುವುದು. ಹೊಡೆದು ಬುದ್ಧಿ ಕಲಿಸಬೇಕು ಅನ್ನುವ ಮಾತು ಬಂದರಂತೂ ಅಲ್ಲಿಗೇ ಬಿಟ್ಟುಬಿಡಿ.

## ಹಂತ 6: ಭೇಟಿ, ಆಮೇಲೆ ಟ್ರಯಲ್ ರಾತ್ರಿ

ಮೊದಲ ಭೇಟಿ ನಾಯಿಯ ವಾಕಿಂಗ್ ಹೊತ್ತಿಗೆ ಇಟ್ಟುಕೊಳ್ಳಿ. ಗೇಟಿನ ಹೊರಗೆ, ರಸ್ತೆಯಲ್ಲಿ ಪರಿಚಯವಾಗಲಿ. ಮನೆಯೊಳಗೆ ಒಮ್ಮೆಲೇ ಹೊಸಬರು ಬಂದರೆ ನಾಯಿಗೆ ಅದು ತನ್ನ ಜಾಗದ ಪ್ರಶ್ನೆ. ಎರಡು ಬೀದಿ ಜೊತೆಯಲ್ಲಿ ನಡೆದು ಬಂದರೆ ಅದೇ ನಾಯಿ ಬಾಲ ಆಡಿಸಿಕೊಂಡು ಒಳಗೆ ಕರೆದೊಯ್ಯುತ್ತದೆ. ಅರ್ಧ ದಾರಿಯಲ್ಲಿ ಚೈನ್ ಅವರ ಕೈಗೆ ಕೊಡಿ, ನೀವು ಸ್ವಲ್ಪ ಹಿಂದೆ ಬನ್ನಿ. ಚೈನಿನ ಕುಣಿಕೆಯಲ್ಲಿ ಕೈ ತೂರಿಸಿ ಮುಷ್ಟಿಯಲ್ಲಿ ಹಿಡಿಯುತ್ತಾರಾ, ಎರಡು ಬೆರಳಲ್ಲಿ ನೇತಾಡಿಸುತ್ತಾರಾ? ನಾಯಿ ಮೂಸುತ್ತಾ ನಿಂತಾಗ ಕಾಯುತ್ತಾರಾ, ಜಗ್ಗುತ್ತಾರಾ? ಫೋನ್ ಎಷ್ಟು ಸಲ ಹೊರಗೆ ಬಂತು? ಈ ಹತ್ತು ನಿಮಿಷದಲ್ಲಿ ಗೊತ್ತಾಗುವುದು ಯಾವ ರೆಫರೆನ್ಸ್‌ನಿಂದಲೂ ಗೊತ್ತಾಗುವುದಿಲ್ಲ.

ಬೆಕ್ಕಿನ ಪರೀಕ್ಷೆ ಇದಕ್ಕೆ ಉಲ್ಟಾ. ಬಂದವರು ಬೆಕ್ಕನ್ನು ಹುಡುಕಿಕೊಂಡು ಮಂಚದ ಕೆಳಗೆ ಬಗ್ಗಿದರೆ ಅನುಭವ ಕಡಿಮೆ. ನೆಲದ ಮೇಲೆ ಸುಮ್ನೆ ಕೂತು ಬೆಕ್ಕೇ ಬರಲಿ ಅಂತ ಬಿಟ್ಟವರು ಗೊತ್ತಿದ್ದವರು.

ಭೇಟಿ ಹಿಡಿಸಿದರೆ ಒಂದು ರಾತ್ರಿ ಟ್ರಯಲ್ ಇಡಿ. ನೀವು ನಿಜವಾಗಿಯೂ ಮನೆಯಲ್ಲಿ ಇರಬಾರದು. ಊರಲ್ಲೇ ಯಾರದಾದರೂ ಮನೆಯಲ್ಲಿ ಮಲಗಿ. ಸಂಜೆಯ ವಾಕ್, ರಾತ್ರಿ ಊಟ, ಬೆಳಗಿನ ವಾಕ್, ಇಷ್ಟೂ ಅವರೇ ಮಾಡಲಿ. ಮಾರನೇ ದಿನ ಬಂದಾಗ ನಾಯಿ ತಿಂದಿದೆಯಾ, ನೀರಿನ ಬಟ್ಟಲು ತುಂಬಿದೆಯಾ, ಲಿಟರ್ ಬಾಕ್ಸ್ (ಬೆಕ್ಕು ಮಲ, ಮೂತ್ರ ಮಾಡುವ ಮರಳಿನ ಡಬ್ಬಿ) ಸ್ವಚ್ಛ ಮಾಡಿದ್ದಾರಾ ನೋಡಿ. ನಾಯಿ ನಿಮ್ಮನ್ನು ಕಂಡು ಕುಣಿಯುವುದು ಸಹಜ, ಅದರಿಂದ ಏನೂ ತೀರ್ಮಾನಿಸಬೇಡಿ. ಆಮೇಲೆ ಸಿಟ್ಟರ್ ಹತ್ತಿರ ಹೋದಾಗ ಅದು ಹೇಗಿರುತ್ತದೆ ನೋಡಿ. ಬಾಲ ಒಳಗೆ ಸೇರಿಸಿಕೊಂಡು ನಿಮ್ಮ ಹಿಂದೆ ಅಡಗಿದರೆ ಬೇರೆಯವರನ್ನು ಹುಡುಕಿ.

ಈ ರಾತ್ರಿ ಬಿಟ್ಟು ಹೊರಡುವವರೇ ಜಾಸ್ತಿ, ಸಮಯ ಇಲ್ಲ ಅಂತ. ವಿಮಾನ ಹತ್ತಿದ ಮೇಲೆ "ಸಾರ್, ನಾಯಿ ನನ್ನನ್ನು ಒಳಗೇ ಬಿಡ್ತಿಲ್ಲ" ಅಂತ ಫೋನ್ ಬರುವುದು ಇಂಥವರಿಗೇ. ಟ್ರಯಲ್ ಆದ ಮೇಲೆ ಟಿಕೆಟ್ ಮಾಡಿ.

## ಹಂತ 7: ಗುರುತು, ದುಡ್ಡು, ಒಪ್ಪಂದ

ಗುರುತಿನ ಚೀಟಿ ಕೇಳುವುದು ಅವಮಾನವಲ್ಲ, ನಿಮ್ಮದನ್ನೂ ತೋರಿಸಿ. ಆಧಾರ್ ಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಸಾಕು. ಹಿಂದಿನ ಇಬ್ಬರು ಮನೆಯವರಿಗೆ ಫೋನ್ ಮಾಡಿ, "ಮತ್ತೆ ಕರೆಯುತ್ತೀರಾ?" ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಿರಿ. ಉತ್ತರಕ್ಕಿಂತ ಮುಂಚಿನ ಮೌನ ಕೇಳಿಸಿಕೊಳ್ಳಿ. ಪೂರ್ತಿ ಅಪರಿಚಿತರಾಗಿದ್ದು, ತಿಂಗಳುಗಟ್ಟಲೆ ಬಿಟ್ಟು ಹೋಗುವುದಾದರೆ ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟ್ ಕೇಳಬಹುದು. ರಾಜ್ಯ ಸರ್ಕಾರದ ಸೇವಾ ಸಿಂಧು ತಾಣದ ಮೂಲಕ ಅವರೇ ಅರ್ಜಿ ಹಾಕಬಹುದು, ಖರ್ಚು ನೀವು ಕೊಡಿ.

ರೇಟ್ ಎಷ್ಟು ಅಂತ ಗೊತ್ತಿಲ್ಲದಿದ್ದರೆ ನಿಮ್ಮ ಏರಿಯಾದ ಎರಡು ಬೋರ್ಡಿಂಗ್‌ಗಳಿಗೆ ಫೋನ್ ಮಾಡಿ ವಿಚಾರಿಸಿ. ಸಿಟ್ಟರ್‌ಗೆ ಅದಕ್ಕಿಂತ ಕಡಿಮೆ ಕೊಡಬೇಡಿ. ಬೋರ್ಡಿಂಗ್‌ನಲ್ಲಿ ಹತ್ತು ನಾಯಿಗೆ ಇಬ್ಬರು, ಇಲ್ಲಿ ನಿಮ್ಮ ನಾಯಿಗೇ ಒಬ್ಬರು, ಜೊತೆಗೆ ಮನೆ. ಹಬ್ಬದ ದಿನಕ್ಕೆ ಜಾಸ್ತಿ. ಸ್ವಲ್ಪ ಅಡ್ವಾನ್ಸ್, ಉಳಿದದ್ದು ವಾಪಸ್ ಬಂದ ದಿನವೇ. ನಾಯಿಯ ಊಟ, ಆಟೊ, ಔಷಧಿಗೆ ಬೇರೆ ದುಡ್ಡು ಮೊದಲೇ ಕೊಟ್ಟಿರಿ. ಅವರ ಕೈಯಿಂದ ಖರ್ಚು ಮಾಡಿಸಿ ಆಮೇಲೆ ಲೆಕ್ಕ ಕೇಳುವುದು ಸರಿಯಲ್ಲ.

ಒಪ್ಪಂದಕ್ಕೆ ಸ್ಟ್ಯಾಂಪ್ ಪೇಪರ್ ಬೇಕಿಲ್ಲ. ದಿನಾಂಕ, ದುಡ್ಡು, ಕೆಲಸ, ಯಾರು ಬರಬಹುದು, ಯಾರು ಬರಬಾರದು, ಕ್ಯಾನ್ಸಲ್ ಆದರೆ ಏನು ಎನ್ನುವುದನ್ನು ವಾಟ್ಸಾಪ್‌ನಲ್ಲಿ ಬರೆದು, ಅವರಿಂದ "ಒಪ್ಪಿಗೆ" ಅಂತ ಬಂದರೆ ಸಾಕು.

ಕ್ಯಾಮೆರಾ ವಿಷಯ ಬಾಯಿಬಿಟ್ಟು ಹೇಳಿ. ಹಾಲ್‌ನಲ್ಲಿ, ಗೇಟಿನಲ್ಲಿ ಇದ್ದರೆ ಎಲ್ಲೆಲ್ಲಿ ಅಂತ ತೋರಿಸಿ. ಅವರು ಮಲಗುವ ಕೋಣೆ, ಬಚ್ಚಲುಮನೆಯಲ್ಲಿ ಇಡುವ ಮಾತೇ ಇಲ್ಲ. ಒಪ್ಪಿಗೆ ಇಲ್ಲದೆ ಖಾಸಗಿ ದೃಶ್ಯ ಸೆರೆಹಿಡಿಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ ಅಪರಾಧ.

## ಹಂತ 8: ಮನೆಯ ನೋಟ್‌ಬುಕ್

ಎಲ್ಲವನ್ನೂ ಬಾಯಲ್ಲಿ ಹೇಳಿ ಹೊರಟರೆ ಅರ್ಧ ಮರೆತುಹೋಗುತ್ತದೆ. ಒಂದು 100 ಪುಟದ ನೋಟ್‌ಬುಕ್ ತೆಗೆದುಕೊಂಡು ಕೈಬರಹದಲ್ಲಿ ಬರೆಯಿರಿ. ಸಿಟ್ಟರ್‌ಗೆ ಓದಲು ಬರುವ ಭಾಷೆಯಲ್ಲಿ.

ಪ್ರಾಣಿಯ ದಿನಚರಿ. ಅಳತೆ ಸ್ಪಷ್ಟವಾಗಿರಲಿ. "ಸ್ವಲ್ಪ ಅನ್ನ" ಅಂದರೆ ಒಬ್ಬೊಬ್ಬರಿಗೆ ಒಂದೊಂದು. "ಸ್ಟೀಲ್ ಲೋಟದಲ್ಲಿ ಒಂದು ಲೋಟ ಅನ್ನ, ಬೇಯಿಸಿದ ಚಿಕನ್ ನಾಲ್ಕು ತುಂಡು, ಉಪ್ಪಿಲ್ಲ, ಮೂಳೆ ಇಲ್ಲ" ಅಂತ ಬರೆದು ಆ ಲೋಟವನ್ನು ಡಬ್ಬಿಯಲ್ಲೇ ಇಡಿ. ವಾಕಿಂಗ್ ದಾರಿ, ಯಾವ ಬೀದಿಯಲ್ಲಿ ಜಗಳಗಂಟ ನಾಯಿಗಳಿವೆ, ಯಾವ ಮಾತಿಗೆ ಕೂರುತ್ತಾನೆ, ಎಲ್ಲ ಬರಲಿ. ಅವನಿಗೆ ಕನ್ನಡದಲ್ಲಿ "ಬಾರೋ" ಅಂದರೆ ಬರುತ್ತಾನೆ, "ಕಮ್" ಅಂದರೆ ಮುಖ ನೋಡುತ್ತಾನೆ ಅನ್ನುವುದು ಸಣ್ಣ ವಿಷಯವಲ್ಲ.

ಕೊಡಲೇಬಾರದವು. ನಾಯಿಗೆ ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ವಿಷ. ಹಬ್ಬದ ಪಾಯಸದಲ್ಲಿ ಒಣದ್ರಾಕ್ಷಿ ಇರುತ್ತದೆ, ಸಾರಿನಲ್ಲಿ ಬೆಳ್ಳುಳ್ಳಿ, ಆದ್ದರಿಂದ "ನಾವು ತಿನ್ನೋದು ಸ್ವಲ್ಪ" ಎಂಬ ಪ್ರೀತಿ ಬೇಡ. ಬೆಕ್ಕಿಗೆ ಲಿಲ್ಲಿ ಗಿಡ ಕಿಡ್ನಿಯನ್ನೇ ಕೆಡಿಸುತ್ತದೆ. ಮನುಷ್ಯರ ಜ್ವರದ ಮಾತ್ರೆ ಪ್ಯಾರಾಸಿಟಮಾಲ್ ಒಂದೇ ಒಂದು ಹೋದರೂ ಬೆಕ್ಕು ಸಾಯಬಹುದು. ಇದನ್ನು ಕೆಂಪು ಪೆನ್ನಿನಲ್ಲಿ ಬರೆದು ಫ್ರಿಜ್ ಮೇಲೂ ಅಂಟಿಸಿ.

ಕಾಯದೆ ಆಸ್ಪತ್ರೆಗೆ ಓಡಬೇಕಾದ ಲಕ್ಷಣ. ಗಂಡು ಬೆಕ್ಕು ಮತ್ತೆ ಮತ್ತೆ ಲಿಟರ್ ಬಾಕ್ಸ್‌ಗೆ ಹೋಗಿ ತಿಣುಕುತ್ತದೆ, ಮೂತ್ರ ಬರುತ್ತಿಲ್ಲ: ಮೂತ್ರದ ದಾರಿ ಕಟ್ಟಿಕೊಂಡಿರಬಹುದು, ಮಲಬದ್ಧತೆ ಅಂದುಕೊಂಡು ಬೆಳಗಿನವರೆಗೆ ಕಾಯಬಾರದು. ದೊಡ್ಡ ನಾಯಿಯ ಹೊಟ್ಟೆ ಉಬ್ಬಿದೆ, ವಾಂತಿಗೆ ಪ್ರಯತ್ನಿಸುತ್ತಿದೆ, ಏನೂ ಬರುತ್ತಿಲ್ಲ: ಹೊಟ್ಟೆ ತಿರುಚಿಕೊಂಡಿರಬಹುದು, ಒಂದು ಗಂಟೆಯೂ ಮುಖ್ಯ. ಒಸಡು ಬಿಳಿಚಿಕೊಳ್ಳುವುದು, ಫಿಟ್ಸ್, ಉಸಿರಾಟದ ತೊಂದರೆ ಕೂಡ ಇದೇ ಪಟ್ಟಿಗೆ.

ಅದೇ ದಿನ ಡಾಕ್ಟರಿಗೆ ತೋರಿಸಬೇಕಾದ್ದು. ನಾಯಿ ಮಂಕಾಗಿದೆ, ಮೈ ಬಿಸಿ, ತಿನ್ನುತ್ತಿಲ್ಲ. ನಮ್ಮ ಕಡೆ ಉಣ್ಣೆ ಜ್ವರ (ಮೈಗೆ ಹತ್ತುವ ಉಣ್ಣೆ ಹುಳ ಕಚ್ಚಿ ಬರುವುದು) ಸಾಮಾನ್ಯ, ಬೇಗ ರಕ್ತ ಪರೀಕ್ಷೆ ಮಾಡಿಸಿದರೆ ಗುಣವಾಗುತ್ತದೆ, ವಾರ ಬಿಟ್ಟರೆ ಕಷ್ಟ. ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಮೊದಲು ನಿಮಗೆ ಫೋನ್, ಆಮೇಲೆ ಡಾಕ್ಟರಿಗೆ. ಉಪವಾಸ ಮುಂದುವರಿದರೆ ಬೆಕ್ಕಿನ ಲಿವರ್ ಕೆಡುತ್ತದೆ.

ಕಚ್ಚಿದರೆ, ಪರಚಿದರೆ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ಹಚ್ಚಬಾರದು. ನಿಮ್ಮ ನಾಯಿಯ ರೇಬಿಸ್ ಲಸಿಕೆಯ ಕಾರ್ಡ್ ನೋಟ್‌ಬುಕ್‌ನಲ್ಲೇ ಇರಲಿ, ಡಾಕ್ಟರ್ ಕೇಳುತ್ತಾರೆ. ಆಸ್ಪತ್ರೆ ಖರ್ಚು ನಿಮ್ಮದು.

ಮನೆಯ ಯಂತ್ರಗಳು. ಕಾವೇರಿ ನೀರು ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ. ಸಂಪಿನಿಂದ ಮೇಲಿನ ಟ್ಯಾಂಕ್‌ಗೆ ಮೋಟಾರ್ ಎಷ್ಟು ನಿಮಿಷ ಹಾಕಬೇಕು. ಸಂಪಿನ ಮುಚ್ಚಳ ಯಾವಾಗಲೂ ಮುಚ್ಚಿರಬೇಕು, ಬೆಕ್ಕು, ಮರಿ ನಾಯಿ ಬೀಳುವ ಜಾಗ ಅದು. ಎಂಸಿಬಿ (ಮನೆಯ ಕರೆಂಟ್ ತಾನೇ ಕಡಿಯುವ ಸ್ವಿಚ್) ಎಲ್ಲಿದೆ, ಗ್ಯಾಸ್ ರೆಗ್ಯುಲೇಟರ್ ಹೇಗೆ ಆಫ್ ಮಾಡುವುದು, ಬಾತ್‌ರೂಮಿನ ಬಿಸಿನೀರಿಗೆ ಯಾವ ನಲ್ಲಿ. ಹಸಿ ಕಸ, ಒಣ ಕಸದ ಗಾಡಿ ಎಷ್ಟು ಹೊತ್ತಿಗೆ. ಬೆಸ್ಕಾಂ 1912, ಜಲಮಂಡಳಿ 1916, ಗ್ಯಾಸ್ ಲೀಕ್ 1906, ತುರ್ತಿಗೆ 112.

ಯಾರಿಗೆ ಕರೆ. ನೀವು, ನಿಮ್ಮ ಊರಲ್ಲೇ ಇರುವ ಒಬ್ಬ ನೆಂಟರು, ಪಕ್ಕದ ಮನೆಯವರು, ಡಾಕ್ಟರ್, ರಾತ್ರಿ ತೆರೆದಿರುವ ಪ್ರಾಣಿ ಆಸ್ಪತ್ರೆ. ಆ ಆಸ್ಪತ್ರೆ ನಿಜವಾಗಿ ರಾತ್ರಿ ತೆರೆದಿರುತ್ತದಾ ಅಂತ ರಾತ್ರಿ ಹನ್ನೊಂದಕ್ಕೆ ನೀವೇ ಫೋನ್ ಮಾಡಿ ಪರೀಕ್ಷಿಸಿ. ಬೋರ್ಡ್ ಮೇಲೆ 24 ಗಂಟೆ ಅಂತ ಇರುವುದೆಲ್ಲ ನಿಜವಲ್ಲ.

ಕೊನೆಗೆ ಒಂದು ಚೀಟಿ: "ನಾನು ಫೋನಿಗೆ ಸಿಗದಿದ್ದರೆ ಇಷ್ಟು ರೂಪಾಯಿವರೆಗಿನ ಚಿಕಿತ್ಸೆಗೆ ನನ್ನ ಒಪ್ಪಿಗೆ ಇದೆ, ಅದಕ್ಕಿಂತ ಹೆಚ್ಚಾದರೆ ಈ ನೆಂಟರು ಹೇಳಿದಂತೆ ಮಾಡಿ." ಸಹಿ ಹಾಕಿ, ಒಂದು ಪ್ರತಿ ಡಾಕ್ಟರ ಹತ್ತಿರ ಕೊಟ್ಟಿರಿ. ನೀವು ವಿಮಾನದಲ್ಲಿದ್ದಾಗ ಸಿಟ್ಟರ್ ಒಬ್ಬರೇ ಆಪರೇಷನ್ ಬಗ್ಗೆ ತೀರ್ಮಾನಿಸುವ ಪರಿಸ್ಥಿತಿ ಬರಬಾರದು.

## ಹಂತ 9: ಹೊರಡುವ ಹಿಂದಿನ ದಿನ

ಸಿಟ್ಟರ್ ಹಿಂದಿನ ಸಂಜೆಯೇ ಬರಲಿ. ನೀವು ಪಕ್ಕದಲ್ಲಿ ಸುಮ್ನೆ ನಿಂತಿರಿ, ಬೀಗ ತೆರೆಯುವುದು, ಊಟ ಹಾಕುವುದು, ಮೋಟಾರ್ ಹಾಕುವುದು ಎಲ್ಲ ಅವರೇ ಮಾಡಲಿ. ಎರಡನೇ ಕೀ ಪಕ್ಕದ ಮನೆಯವರ ಹತ್ತಿರ ಇರಲಿ, ಅದು ಸಿಟ್ಟರ್‌ಗೆ ಗೊತ್ತಿರಲಿ. ಸೆಕ್ಯುರಿಟಿಗೆ ಹೆಸರು ಕೊಡಿ. ಗೇಟ್ ಆ್ಯಪ್ ಇದ್ದರೆ ಅಷ್ಟೂ ದಿನಕ್ಕೆ ಅನುಮತಿ ಹಾಕಿ, ಪ್ರತಿ ಸಲ ನಿಮ್ಮ ಫೋನಿಗೆ ಓಟಿಪಿ ಬಂದು ಅವರು ಬಿಸಿಲಲ್ಲಿ ನಿಲ್ಲುವಂತಾಗಬಾರದು. ಮನೆಕೆಲಸದವರು ಬರುವುದಾದರೆ ಇಬ್ಬರಿಗೂ ಪರಿಚಯ ಮಾಡಿಸಿ, ಯಾರ ಕೆಲಸ ಯಾವುದು ಅಂತ ಇಬ್ಬರ ಮುಂದೆಯೇ ಹೇಳಿ. ಒಡವೆ, ದಾಖಲೆ ಬ್ಯಾಂಕ್ ಲಾಕರ್‌ಗೆ ಹೋಗಲಿ. ಇದು ಅನುಮಾನದ ಮಾತಲ್ಲ, ಏನಾದರೂ ಕಾಣೆಯಾದರೆ ಸಿಟ್ಟರ್ ಮೇಲೆ ಬೆರಳು ಹೋಗದಂತೆ ಮಾಡುವ ವ್ಯವಸ್ಥೆ.

ಊಟ, ಮಾತ್ರೆ, ಲಿಟರ್ ಮರಳು ಲೆಕ್ಕಕ್ಕಿಂತ ಮೂರು ದಿನ ಜಾಸ್ತಿ ಇಡಿ. ದೀಪಾವಳಿ ನಡುವೆ ಬರುವುದಾದರೆ ಕತ್ತಲಾಗುವ ಮುಂಚೆ ವಾಕ್ ಮುಗಿಯಬೇಕು. ಕಿಟಕಿ ಹಾಕಿ, ಫ್ಯಾನ್, ಟಿವಿ ಹಾಕಿಟ್ಟು, ನಾಯಿ ಅಡಗುವ ಜಾಗಕ್ಕೆ ಹಾಸಿಗೆ ಹಾಕಿಕೊಡಬೇಕು. ಪಟಾಕಿಗೆ ಹೆದರಿ ಗೇಟ್ ಹಾರಿದ ನಾಯಿ ದಿಕ್ಕು ತಪ್ಪಿ ಎಷ್ಟು ದೂರ ಬೇಕಾದರೂ ಓಡುತ್ತದೆ.

ಹೊರಡುವಾಗ ತಬ್ಬಿಕೊಂಡು ಅಳಬೇಡಿ. ನಿಮ್ಮ ಗಾಬರಿ ನಾಯಿಗೂ ಹತ್ತುತ್ತದೆ, ಸಿಟ್ಟರ್‌ಗೆ ಮುಂದಿನ ಎರಡು ಗಂಟೆ ಕಷ್ಟವಾಗುತ್ತದೆ.

## ಹಂತ 10: ಹೋದ ಮೇಲೆ, ಬಂದ ಮೇಲೆ

ದಿನಕ್ಕೆ ಒಂದು ಫೋಟೊ, ಒಂದು ಸಾಲು: ತಿಂದನಾ, ಕಕ್ಕ ಸರಿಯಾಗಿದೆಯಾ. ಇಷ್ಟು ಕೇಳಿ. ಗಂಟೆಗೊಮ್ಮೆ ವಿಡಿಯೊ ಕಾಲ್ ಮಾಡಿದರೆ ಮುಂದಿನ ಸಲ ಅವರಿಗೆ ಆ ದಿನ ಬೇರೆ ಕೆಲಸ ಇರುತ್ತದೆ. ನಿಮ್ಮ ದನಿ ಫೋನಿನಲ್ಲಿ ಕೇಳಿ ನಾಯಿ ಬಾಗಿಲ ಹತ್ತಿರ ಹೋಗಿ ಕಾಯುತ್ತಾ ಕೂರುವುದೂ ಉಂಟು.

ಎರಡು ದಿನ ಫೋಟೊ ಬಾರದೆ, ಫೋನೂ ಎತ್ತದೆ ಇದ್ದರೆ, ಅಥವಾ ಬರುವ ಫೋಟೊಗಳೆಲ್ಲ ಒಂದೇ ದಿನ ತೆಗೆದ ಹಾಗೆ ಕಂಡರೆ, ಪಕ್ಕದ ಮನೆಯವರನ್ನು ಕಳಿಸಿ ನೋಡಿಸಿ. ಕೀ ಅವರ ಹತ್ತಿರ ಇದೆ ಅಲ್ವಾ?

ವಾಪಸ್ ಬರುವ ದಿನ ರೈಲು ತಡವಾಗಬಹುದು. ನೀವು ಬಾಗಿಲಿಗೆ ಬರುವವರೆಗೆ ಅವರು ಹೊರಡಬಾರದು ಅಂತ ಮೊದಲೇ ಮಾತಾಗಿರಲಿ, ತಡವಾದ ದಿನಕ್ಕೆ ದುಡ್ಡು ಸೇರಿಸಿ. ಬಂದ ಕೂಡಲೇ ತಟ್ಟೆ, ಗ್ಲಾಸು ಎಣಿಸೋಕೆ ಹೋಗಬೇಡಿ. ಒಡೆದ ಲೋಟದ ಲೆಕ್ಕ ಬಿಟ್ಟುಬಿಡಿ. ಪ್ರಾಣಿಯ ಮೈ ಸವರಿ ನೋಡಿ, ಉಣ್ಣೆ, ಗಾಯ, ತೂಕ. ಅವರು ನೋಟ್‌ಬುಕ್‌ನಲ್ಲಿ ಬರೆದದ್ದನ್ನು ಅವರ ಎದುರೇ ಓದಿ, ಅರ್ಥವಾಗದ್ದು ಕೇಳಿ. ಬಾಕಿ ಹಣ ಆಗಲೇ ಕಳಿಸಿ, ಅವರ ಮುಂದಿನ ಮನೆಯವರು ಫೋನ್ ಮಾಡಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ ಅನ್ನಿ. ಮುಂದಿನ ರಜೆ ಯಾವಾಗ ಅಂತ ಗೊತ್ತಿದ್ದರೆ ಅವರು ಚಪ್ಪಲಿ ಹಾಕಿಕೊಳ್ಳುವ ಮುಂಚೆಯೇ ದಿನಾಂಕ ಕೇಳಿಬಿಡಿ.